ಒಬ್ಬರು ಹೋದರು, ಒಬ್ಬರು ಬಂದರು

ಸುಣ್ಣ ಇದೆಯಾ, ಅಂತ ಕೇಳಿದೆ.
ಎಲ್ಲರನ್ನೂ ಕೇಳುವ ಹಾಗೇ,
ಹಾಲೆಮರಕ್ಕೆ ಬೆನ್ನು ಕೊಟ್ಟು, ನೆತ್ತಿಯ ಮೊಳೆಯನ್ನು ಮುಡಿಯಲ್ಲಿ ಮುಚ್ಚಿ.
ಪೆರುಂಬಾಡಿ ದಾಟಿ ಮಾಕುಟ್ಟಕ್ಕೆ ಇಳಿಯುವಾಗ
ಮೂರನೇ ತಿರುವು ನನ್ನದು.
ಕೇಳಿದರೆ ಲಾರಿಯವರು ಗೇರು ಬದಲಿಸುತ್ತಾರೆ,
ಬೈಕಿನವರು ದೇವರ ಹೆಸರನ್ನು ತಪ್ಪುತಪ್ಪಾಗಿ ಹೇಳುತ್ತಾರೆ,
ಕಣ್ಣೂರಿನ ಮೀನಿನವನೊಬ್ಬ
ಒಂದು ಬುಟ್ಟಿ ಮತ್ತಿ ಬಿಟ್ಟು ಓಡಿದ್ದ.
ಇವನು ಓಡಲಿಲ್ಲ.
"ಸುಣ್ಣ ಅಂದರೆ?" ಅಂದ.

ತೊಂಬತ್ತು ವರ್ಷದಲ್ಲಿ ಯಾರೂ ನನ್ನನ್ನು ಪ್ರಶ್ನೆ ಕೇಳಿದ್ದಿಲ್ಲ.

ಬಿಳಿಯದು, ಸುಡುವಂಥದು, ಎಲೆಗೆ ಹಚ್ಚುವುದು, ಅಂದೆ.
ಅವನು ಭುಜ ಕೊಡವಿದ.
ಒಂದೇ ರೆಕ್ಕೆ; ಇನ್ನೊಂದರ ಜಾಗದಲ್ಲಿ
ಮಸಿ ಹಿಡಿದ ಮೂಳೆ, ಮದ್ದಿನ ವಾಸನೆ.
ಉದುರಿದ ಬಿಳಿ ಧೂಳನ್ನು ಅಂಗೈಯಲ್ಲಿ ಹಿಡಿದು ನೀಡಿದ.
ಹಚ್ಚಿ, ಮಡಿಚಿ, ಅಗಿದೆ.
ಬಾಯಿ ಕೆಂಪಾಯಿತು.
ರಕ್ತವಿಲ್ಲದೆ ಕೆಂಪಾದದ್ದು ಅದೇ ಮೊದಲು.

ಮೇಲಿನ ಸಭೆಯಲ್ಲಿ ತಾಳ ಹಾಕುವ ಕೆಲಸವಂತೆ ಅವನಿಗೆ.
ಹುತ್ತರಿಯ ಹುಣ್ಣಿಮೆ, ಬೇಟೋಳಿಯ ಗದ್ದೆಯಿಂದ
ದುಡಿಯ ಸದ್ದು ಏರಿ ಬಂತಂತೆ.
ನಾಲ್ಕು ಜನ, ನಾಲ್ಕು ದುಡಿ,
ಮೇಲಿನ ತಾಳಕ್ಕಿಂತ ಕೂದಲೆಳೆಯಷ್ಟು ತಡ.
ಆ ತಡದಲ್ಲಿ ಏನೋ ಇತ್ತು, ಅಂದ.
ಮೋಡದ ಅಂಚಿಗೆ ಬಂದು ಬಗ್ಗಿದ.
ಕೆಳಗೆ ಪೊಲಿ ಪೊಲಿ ಎಂದು ಕದಿರಿಗೆ ಕುಡುಗೋಲು ಬಿತ್ತು,
ವಾಡಿಕೆಯಂತೆ ಯಾರೋ ಆಕಾಶಕ್ಕೆ ಕೋವಿ ಹಾರಿಸಿದರು.
ಯಾರ ಕೋವಿ, ಅಂತ ಕೇಳಿದೆ. ಲೆಕ್ಕ ತೀರಿಸುತ್ತಿದ್ದೆ.
ಬೇಡ, ಸಂತೋಷಕ್ಕೆ ಹಾರಿಸಿದ್ದು, ಅಂದ.
ಮೇಲಿನವರು ಪತನ ಎಂದು ಬರೆದುಕೊಂಡರಂತೆ.
"ಬಿದ್ದದ್ದಲ್ಲ. ಬಗ್ಗಿದ್ದು."

ಮೊಳೆ ಕಿತ್ತವನೂ ಅವನೇ.
ಹಲ್ಲಿನಿಂದ. ಮಂತ್ರ ಗೊತ್ತಿರಲಿಲ್ಲ; ಗೊತ್ತಿದ್ದರೆ ಹೆದರುತ್ತಿದ್ದ.
ಕಿತ್ತ ಮೇಲೂ ಎರಡು ದಿನ ಮರ ಬಿಟ್ಟು ಕದಲಲಿಲ್ಲ ನಾನು.
ಬಿಡುಗಡೆ ಅಂದರೆ ಕುತ್ತಿಗೆ ನೋವು, ಅಷ್ಟೇ.
ಮೂರನೇ ದಿನ ಅವನ ತೋಳಿಗೆ ಒರಗಿ ನಡೆದೆ.

ನನ್ನ ಪಾದ ಹಿಂದುಮುಂದು, ಗೊತ್ತಲ್ಲ.
ನಾನು ಹೋದಷ್ಟೂ ನನ್ನ ಹೆಜ್ಜೆ ಬರುತ್ತಿರುತ್ತದೆ.

ಬೆಳಿಗ್ಗೆ ಆನೆಯ ಜಾಡು ಹುಡುಕಿ ಬಂದ
ಚೆಕ್‌ಪೋಸ್ಟಿನ ಪೂಣಚ್ಚ ಮಣ್ಣಿನ ಮೇಲೆ ಕುಕ್ಕರಿಸಿದ.
ಒಂದು ಜೊತೆ ಹೊಳೆಯ ಕಡೆ, ಒಂದು ಜೊತೆ ಈ ಕಡೆ.
ರಿಜಿಸ್ಟರಿನಲ್ಲಿ ಬರೆದ:
ಒಬ್ಬರು ಹೋದರು, ಒಬ್ಬರು ಬಂದರು.
ಚಹದಂಗಡಿಯ ಮೊಯ್ದುವಿಗೆ ಹೇಳಿದ:
ಪಾಪ, ಹಾಲೆಮರದ ಹತ್ತಿರ ಜಗಳವಾಗಿ ಬೇರೆಯಾದ ಹಾಗಿದೆ.

ನಾವು ಬರಪೊಳೆಯ ಬಂಡೆಯ ಮೇಲೆ ಏಡಿ ಸುಡುತ್ತಿದ್ದೆವು.

ವರ್ಷ ತಿರುಗಿತು. ಹುತ್ತರಿಗೆ ಮೇಲಿನಿಂದ ಕರೆ:
ಈ ಸಲ ಕೋವಿ ಹಾರಿದ ಗಳಿಗೆ ಬಾಗಿಲು ತೆರೆದಿರುತ್ತದೆ,
ಒಬ್ಬನಿಗೆ ಮಾತ್ರ.
ಅವನು ಮಾತಾಡಲಿಲ್ಲ. ಮೊಳೆ ಹುಡುಕಿ ತಂದ,
ತುಕ್ಕು ಒರೆಸಿದ,
ಉಳಿದ ರೆಕ್ಕೆಯನ್ನು ಮರಕ್ಕೆ ಒತ್ತಿ ನಿಂತು
ಹೊಡಿ, ಅಂದ.
ಕಲ್ಲು ನನ್ನ ಕೈಯಲ್ಲಿತ್ತು.
ಆಸೆ ಇರಲಿಲ್ಲ ಅಂತ ಹೇಳಲಾರೆ; ನಾನು ಪಿಶಾಚಿ.
ಆದರೆ ಮೊಳೆ ಏನೆಂದು ನನಗೆ ಗೊತ್ತು, ಅವನಿಗೆ ಗೊತ್ತಿಲ್ಲ.
ಹೊಳೆಗೆ ಎಸೆದೆ.
ಇರುವುದಾದರೆ ಇರು, ಅಂದೆ.

ಗದ್ದೆಯಲ್ಲಿ ಗುಂಡು ಹಾರಿತು.
ರೆಕ್ಕೆ ಬಿಚ್ಚಿಕೊಂಡಿತು. ಬಿಚ್ಚಿದ್ದು ಅವನಲ್ಲ, ಅದೇ ಬಿಚ್ಚಿಕೊಂಡಿತು.
ನಾನು ಕಣ್ಣು ಮುಚ್ಚಿದೆ.
ದೂರದಲ್ಲಿ ದುಡಿ, ಕೂದಲೆಳೆಯಷ್ಟು ತಡವಾಗಿ.

ಕಣ್ಣು ಬಿಟ್ಟರೆ ಹಿಮ್ಮುಖವಾಗಿ ನಡೆಯುತ್ತಿದ್ದಾನೆ,
ಬೇರು ಎಡವಿ, ಬಿದಿರಿಗೆ ಬೆನ್ನು ತರಚಿ.
ಏನಿದು, ಅಂದೆ.
ನಿನ್ನ ಹೆಜ್ಜೆಗೆ ಹೊಂದಲಿ ಅಂತ, ಅಂದ.

ಮರುದಿನ ಪೂಣಚ್ಚ ಬರೆದ: ಇಬ್ಬರು ಬಂದರು.
ಗೇಟಿನ ಹಿಂದೆ ನೋಡಿದ, ಕಟ್ಟಿಗೆ ರಾಶಿಯ ಮರೆಯಲ್ಲಿ ನೋಡಿದ,
ಮೊಯ್ದುವಿಗೆ ಕೂಗಿ
ಎರಡು ಚಹ ಹೆಚ್ಚಿಗೆ ಇಡಲು ಹೇಳಿದ.
ಬೆಂಚು ಒರೆಸಿ ಕಾದ,
ಚಹದ ಮೇಲೆ ಕೆನೆ ಕಟ್ಟುವವರೆಗೆ.