ಮೂರನೇ ಟೇಕ್

ಕವಲೇದುರ್ಗದ ಮೂರನೇ ಸುತ್ತಿನಲ್ಲಿ
ರಾಜನಿಗೆ ವಿಷವಿಕ್ಕಿ ಬಂದ ಮಂತ್ರಿ
ಸಕ್ಕರೆ ಕಮ್ಮಿ ಟೀ ಕೇಳುತ್ತಿದ್ದ.
ನಮಗೆ ದಿನಕ್ಕೆ ಆರುನೂರು, ಊಟ.
ಬೆಳಿಗ್ಗೆ ವಿಭೂತಿ ಬಳಿದು ಬಸದಿಗೆ ನುಗ್ಗಬೇಕು,
ಮಧ್ಯಾಹ್ನ ಮುಖ ತೊಳೆದು
ಅದೇ ಬಸದಿಯ ಮುಂದೆ ಅಳಬೇಕು.

ಜಿನಮೂರ್ತಿ ಸೊರಬದ ಚಿದಂಬರ ಗುಡಿಗಾರನದು.
ಶ್ರೀಗಂಧ ಕೊರೆದ ಉಳಿಯಲ್ಲಿ ಥರ್ಮಾಕೋಲು.
ಒಡೆಯಲಿಕ್ಕೇ ಅಂದಿದ್ದರೂ
ರೆಪ್ಪೆಯ ಅಂಚಿಗೆ ಎರಡು ರಾತ್ರಿ ಕೂತಿದ್ದನಂತೆ.

ಮೊದಲ ಏಟಿಗೆ ಮೋಡ ಅಡ್ಡ ಬಂತು.
ಎರಡನೆಯದಕ್ಕೆ ನನ್ನ ಕೈಗಡಿಯಾರ.
ಮೂರನೆಯದನ್ನು ಹೊತ್ತು ತಂದು ನಿಲ್ಲಿಸಿದರು:
ಮುಖ ನುಣ್ಣಗೆ, ಕಣ್ಣೇ ಇಲ್ಲ.
ಡೈರೆಕ್ಟರ್ ಕೂಗಾಡಿದರು. ಚಿದಂಬರ
ಉಳಿ ಒರೆಸುತ್ತ ಅಂದ,
“ಹೊಡೆಯೋರಿಗೆ ಸಲೀಸಾಗಲಿ ಅಂತ, ಸ್ವಾಮಿ.”

ಕ್ಯಾಮೆರಾ ಮೂರ್ತಿಯ ಬೆನ್ನಿಗೆ ಹೋಯಿತು.
ಆ್ಯಕ್ಷನ್.
ಮೊದಲೆರಡರ ಕಣ್ಣು ಅರೆಮುಚ್ಚಿತ್ತು,
ನನ್ನ ಕಡೆ ನೋಡಿರಲಿಲ್ಲ.
ಇದರ ಮುಖದಲ್ಲಿ ನಾನೇ ಕಣ್ಣು ಹುಡುಕುತ್ತ
ಎತ್ತಿದ ಸುತ್ತಿಗೆ ಎತ್ತಿದಂತೆ ನಿಂತೆ.

ಆಮೇಲೆ ಬೇರೆಯವನು ಹೊಡೆದ.
ನನಗೆ ಮುನ್ನೂರು ಮುರಿದುಕೊಂಡರು.

ತೀರ್ಥಹಳ್ಳಿ ಬಸ್ಸಿನಲ್ಲಿ ಹಣೆ ಉಜ್ಜಿದರೆ
ಬೂದಿಗೆ ಅಂಟಿದ ಒಂದು ಬಿಳಿ ಕಾಳು.
ಕಿಟಕಿಯಾಚೆ ಕೊಡವಿದೆ, ಊದಿದೆ.
ಬೆರಳು ಬಿಡಲಿಲ್ಲ.