ಒಂದು ಮನೆ ಮುಂದೆ

ಮಂಡ್ಯದ ಪೊಲೀಸ್ ಕ್ವಾರ್ಟರ್ಸಿನ ಕೊನೇ ಸಾಲು.
ಗಾಳಿ ತಿರುಗಿದರೆ ಸಕ್ಕರೆ ಕಾರ್ಖಾನೆಯ ಕಾಕಂಬಿ ವಾಸನೆ
ನಮ್ಮ ಚದುರಂಗದ ಹಾಸಿನ ಮೇಲೂ ಬಂದು ಕೂರುತ್ತಿತ್ತು.
ಕಳೆದುಹೋದ ಒಂದು ಪೇದೆಯ ಜಾಗಕ್ಕೆ
ಬೋರಲಿಂಗಣ್ಣ ತಮ್ಮ ಹಳೇ ಅಂಗಿಯ ಗುಂಡಿ ಇಟ್ಟಿದ್ದರು;
ಖಾಕಿ ದಾರ ಇನ್ನೂ ಅದರ ಕಣ್ಣಲ್ಲೇ ಸಿಕ್ಕಿಕೊಂಡಿತ್ತು.

ನನಗೆ ಹನ್ನೊಂದು. ಮಂತ್ರಿಯನ್ನು ನುಗ್ಗಿಸುವ ಚಟ.
ನಾಲ್ಕೇ ನಡೆಗೆ ಪಕ್ಕದ ಮನೆ ಹುಡುಗನ ರಾಜನನ್ನು ಕೆಡವಿ
ಬೀದಿಗೆಲ್ಲ ಕೇಳುವಂತೆ ಕೂಗಿದ್ದೆ.
ಇವರ ಮುಂದೆ ಅದು ನಡೆಯಲಿಲ್ಲ.
ನನ್ನ ಮಂತ್ರಿ ಓಡಿದ್ದೇ ಓಡಿದ್ದು,
ಅಟ್ಟಿಸುವ ನೆಪದಲ್ಲೇ ಅವರ ಕಾಯಿಗಳು
ಒಂದೊಂದಾಗಿ ಹೊಸಿಲು ದಾಟಿ ಬಂದುಬಿಟ್ಟವು.

"ಅವಸರ ಬ್ಯಾಡ ಕಣ್ ಕೂಸೆ.
ಮಂತ್ರಿ ಮುಂದಿನ್ ಪೇದೆ ಎರಡ್ ಮನೆ. ಅಷ್ಟೆ.
ಬಾಗ್ಲು ಹಾಕೋಕ್ ಮುಂಚೆ ಒಂಟೆ ಈಚ್ಗೆ ಬಂದ್ಬುಡ್ಲಿ.
ಆಮೇಕೆ ಈ ಮಗ್ಗುಲಲ್ಲಿ ಒಂದ್ ಮನೆ, ಆ ಮಗ್ಗುಲಲ್ಲಿ ಒಂದ್ ಮನೆ.
ನೋಡೀಗ, ಮೂರು ಕಲ್ಲು. ಒಲೆ ಆಯ್ತು.
ಇನ್ ಯಾವ್ ಪಾತ್ರೆ ಬೇಕಾದ್ರೂ ಮಡುಗು."

ಕುದುರೆಗಳು ಬಂದವು, ಇನ್ನೊಂದು ಒಂಟೆ ಬಂತು,
ರಾಜ ಸರಿದು ಕೋಟೆ ಸೇರಿದ.
ಹತ್ತು ನಡೆಯಾದರೂ ಒಂದು ಕಾಯೂ ಸತ್ತಿಲ್ಲ.
ಬೇಜಾರು, ಎಂದೆ.
ಆಗ್ಬೇಕು, ಎಂದರು. ಡ್ಯೂಟಿ ಅಂದ್ರೆ ಅದೇಯ.

ಕಾವೇರಿ ಗಲಾಟೆಯ ವಾರ ಆಟವಿಲ್ಲ.
ಅಪ್ಪನ ಸ್ಕೂಟರಿನ ಹಿಂದಿನಿಂದ ನೋಡಿದೆ:
ಸಂಜಯ ಸರ್ಕಲ್ಲಿನಲ್ಲಿ ಲಾಠಿ ಹಿಡಿದು ನಿಂತ ಸಾಲಿನಲ್ಲಿ
ಎಡದಿಂದ ಆರನೆಯವರು ಅವರು.
ಎದುರು ಕೂಗುತ್ತಿದ್ದವರಲ್ಲಿ ಅವರ ಸ್ವಂತ ಭಾವಮೈದನೂ ಇದ್ದನಂತೆ.
ಯಾರೂ ಯಾರನ್ನೂ ದಾಟಲಿಲ್ಲ. ಇಳಿಹೊತ್ತಿಗೆ
ಎರಡೂ ಕಡೆಯವರು ಒಂದೇ ಗಾಡಿಯ ಮಜ್ಜಿಗೆ ಕುಡಿದರಂತೆ.
ರಾತ್ರಿ ಊದಿದ ಕಾಲಿನಿಂದ ಬೂಟು ಎಳೆಯಲು
ಇಬ್ಬರು ಬೇಕಾಯಿತು, ಅವರ ಹೆಂಡತಿ ಮತ್ತು ನಾನು.

ಪೇದೆ, ಆಮೇಲೆ ಮುಖ್ಯ ಪೇದೆ:
ಮೂವತ್ತೊಂದು ವರ್ಷಕ್ಕೆ ಒಂದೇ ಮನೆ.
ಕೊನೇ ಸಾಲು ಮುಟ್ಟಿದರೆ ಮಂತ್ರಿಯಾಗಬಹುದಲ್ಲ, ಎಂದು ಕೆಣಕಿದರೆ
"ನಾವಿರಾದೇ ಕೊನೇ ಸಾಲಲ್ಲಿ,
ಎಲ್ಲಿ, ಕೊಡ್ಸವ್ವ ಮಂತ್ರಿಗಿರಿಯ" ಎಂದು
ಕೆಮ್ಮು ಬರುವವರೆಗೂ ನಕ್ಕರು.

ಆ ವರ್ಷ ಮೈಸೂರಿನ ಒಬ್ಬ ಹುಡುಗನ ಜೊತೆ
ಐವತ್ತೆಂಟು ನಡೆ ಆಡಿ, ಸಮ ಮಾಡಿಕೊಂಡು ಬಂದೆ.
ಗೆಲ್ಲಲಿಲ್ಲವಾ, ಎಂದರು ಅಪ್ಪ.
ಬೋರಲಿಂಗಣ್ಣ ಕಬ್ಬಿನ ಹಾಲಿಗೆ ಶುಂಠಿ ಜಾಸ್ತಿ ಹಾಕಿಸಿ
ಲೋಟ ಕೈಗಿಡುತ್ತ ಕೇಳಿದ್ದು ಇಷ್ಟೇ:
"ಪೇದೆ ಎಷ್ಟ್ ಉಳುದ್ವು?"
ಐದು, ಎಂದೆ.

ಅವರು ಬೆರಳು ಮಡಿಸಿ ಎಣಿಸಿದರು,
ಒಬ್ಬೊಬ್ಬರ ಹೆಸರೂ ಗೊತ್ತಿರುವವರ ಹಾಗೆ.