ಹನ್ನೊಂದನೇ ಕಂತು

ಗುತ್ತಲು ರಸ್ತೆ, ಮಂಗಳವಾರ, ಸಂಜೆ ಏಳು.
ಚಾಪೆಯ ಮೇಲೆ ಹತ್ತು ಜನ, ನಡುವೆ ತಗಡಿನ ಪೆಟ್ಟಿಗೆ.
ಲೆಕ್ಕ ಬರೆಯುವವಳು ನಾನು.

ಹೊಂಬಾಳಮ್ಮನಿಗೆ ಹದಿನೆಂಟು ಸಾವಿರ, ಪೀಕೋ ಮಿಷನ್ನಿಗೆ.
ಪಹಣಿ ಕೇಳಲಿಲ್ಲ ಯಾರೂ, ಒಡವೆ ಕೇಳಲಿಲ್ಲ.
‘ಅವಳ ಕೈಕೆಲ್ಸ ನೋಡಿಲ್ವಾ, ಬುಡಿ’ ಅಂದಳು ಜಬೀನಾ.
ಅಷ್ಟೇ ಜಾಮೀನು.

ಹನ್ನೊಂದನೇ ಕಂತಿಗೆ ಅವಳು ಬರಲಿಲ್ಲ.
ಮಗುವಿಗೆ ಜ್ವರ, ದೊಡ್ಡಾಸ್ಪತ್ರೆ.
ಪೆಟ್ಟಿಗೆ ಸುಮ್ಮನೆ ಕೈಯಿಂದ ಕೈಗೆ ಹೋಯಿತು;
ಎಲೆಯಡಿಕೆ ವಾಸನೆಯ ಹತ್ತರ ನೋಟು, ಇಪ್ಪತ್ತರದು,
ಒಂದು ಮುಷ್ಟಿ ಚಿಲ್ಲರೆ.
ಬರೆದೆ:
ಹೊಂಬಾಳಮ್ಮ, ನಾನೂರ ಎಂಬತ್ತು, ಸಂದಾಯ.

ಯಾರು ಎಷ್ಟು ಹಾಕಿದರೆಂಬುದಕ್ಕೆ
ಪುಸ್ತಕದಲ್ಲಿ ಕಾಲಮ್ಮಿಲ್ಲ.

ಮುಂದಿನ ವಾರ ಬಂದವಳು
ಆ ಪುಟದ ಮೇಲೆ ಬೆರಳಿಟ್ಟು ತುಸು ಹೊತ್ತು ಕೂತಳು.
ಆಮೇಲೆ ನನ್ನ ಸೆರಗು ಎಳೆದು,
‘ಸುಳ್ಳು ಲೆಕ್ಕ ಬರ್ದಿದ್ದೀಯ ಕಣಕ್ಕ.
ಈ ಅಂಚು ಹರಿದದೆ, ನಾಳೆ ಕಳ್ಸು.’